ಚಾಂದ್ ಪಾಷನ ಬಲಗಿವಿ

ಆ ಶುಕ್ರವಾರ ಬೆಳಿಗ್ಗೆ ಮಸೀದಿಯ ಬಾಂಗು ಚಾಂದ್ ಪಾಷನಿಗೆ ತಪ್ಪು ದಿಕ್ಕಿನಿಂದ ಕೇಳಿಸಿತು. ಇಪ್ಪತ್ತಾರು ವರ್ಷಗಳಿಂದ ಅದು ಹಾಸಿಗೆಯ ಬಲಗಡೆಯ ಕಿಟಕಿಯಿಂದ ಬರುತ್ತಿತ್ತು. ಅಂದು ಎಡಗಡೆಯಿಂದ, ಎಣ್ಣೆ ಮಿಲ್ಲಿನ ಗೋಡೆಯ ಕಡೆಯಿಂದ ಬಂತು. ಎದ್ದು ಕುಳಿತು ಬಲಗಿವಿಯ ಹತ್ತಿರ ಎರಡು ಬೆರಳು ಮೆಲ್ಲಗೆ ಉಜ್ಜಿಕೊಂಡ. ಬೆರಳಿಗೆ ಬೆರಳು ತಾಗಿದ್ದು ಗೊತ್ತಾಯಿತು, ಸದ್ದು ಮಾತ್ರ ಇಲ್ಲ. ಸ್ಟೇಷನ್ ಸಿಗದ ರೇಡಿಯೊದ ಹಾಗೆ ಆ ಕಿವಿಯೊಳಗೆ ‘ಶ್’ ಎನ್ನುವುದೊಂದೇ ಇತ್ತು.

ನೆಗಡಿ ಇರಬೇಕು, ಗುಗ್ಗೆ ಕಟ್ಟಿರಬೇಕು ಎಂದುಕೊಂಡ. ಹೆಂಡತಿ ರಜಿಯಾ ಬೇಗಂ ಅಡುಗೆಮನೆಯಲ್ಲಿದ್ದಾಗ ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡು ಹತ್ತಿ ತುರುಕಿಕೊಂಡ. ಔಷಧಿ ಅಂಗಡಿಯಲ್ಲಿ ಹನಿ ಹಾಕುವ ಚಿಕ್ಕ ಸೀಸೆ ಕೊಟ್ಟರು. ಅದನ್ನು ಟೂಲ್ ಬ್ಯಾಗಿನಲ್ಲಿ ಸ್ಕ್ರೂಗಳ ಡಬ್ಬಿಯ ಕೆಳಗೆ ಮುಚ್ಚಿಟ್ಟ. ಯಾರಿಗೂ ಹೇಳಲಿಲ್ಲ. ಹೇಳುವುದು ಹೇಗೆ? ಚಳ್ಳಕೆರೆಯಲ್ಲಿ ಅವನ ಅನ್ನ ಇದ್ದದ್ದೇ ಆ ಎರಡು ಕಿವಿಗಳಲ್ಲಿ.

ಅಪ್ಪ ಅಫ್ಸರ್ ಸಾಬ್ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಮಗ ಟೇಪ್ ರೆಕಾರ್ಡರಿನಿಂದ ಶುರುಮಾಡಿ, ವಿಸಿಆರ್, ಡಿಶ್ ಎಲ್ಲ ದಾಟಿ, ಹೋಮ್ ಥಿಯೇಟರಿಗೆ ಬಂದು ನಿಂತಿದ್ದ. ಟಿವಿಯಿಂದ ಆಂಪ್ಲಿಫೈಯರಿಗೆ ಒಂದು ಕೇಬಲ್, ಆಂಪ್ಲಿಫೈಯರಿನಿಂದ ಮುಂದಿನ ಮೂರು ಬಾಕ್ಸಿಗೆ, ಹಿಂದಿನ ಎರಡಕ್ಕೆ, ಊಫರಿಗೆ ಒಂದೊಂದು. ವೈರು ಯಾರು ಬೇಕಾದರೂ ಸಿಕ್ಕಿಸಬಹುದು. ಚಾಂದ್ ಪಾಷನನ್ನು ಜನ ಕರೆಸುತ್ತಿದ್ದದ್ದು ಕೊನೆಯ ಐದು ನಿಮಿಷಕ್ಕಾಗಿ. ಎಲ್ಲ ಕೂಡಿಸಿದ ಮೇಲೆ ಅವನು ಸೋಫಾದ ನಟ್ಟನಡುವೆ ಕೂತು ಕಣ್ಣು ಮುಚ್ಚುತ್ತಿದ್ದ. ಸದ್ದು ಒಂದು ಬಾಕ್ಸಿನಿಂದ ಇನ್ನೊಂದಕ್ಕೆ ಹೋದಂತೆ ಬೆರಳು ಅದನ್ನು ಹಿಂಬಾಲಿಸುತ್ತಿತ್ತು. ಯಾವುದಾದರೂ ಬಾಕ್ಸಿಗೆ ಕೆಂಪು ವೈರಿನ ಜಾಗದಲ್ಲಿ ಕಪ್ಪು ಸಿಕ್ಕಿಕೊಂಡಿದ್ದರೆ, ಕಣ್ಣು ಬಿಡದೆಯೇ, “ಈ ಬಾಕ್ಸು ಬೆನ್ನು ತಿರುಗಿಸ್ಕೊಂಡು ಮಾತಾಡ್ತಾ ಐತೆ ನೋಡ್ರಿ” ಎನ್ನುತ್ತಿದ್ದ. ತೆಗೆದು ನೋಡಿದರೆ ಹಾಗೇ ಇರುತ್ತಿತ್ತು. ಮನೆಯವರು ಚಪ್ಪಾಳೆ ಹೊಡೆದದ್ದೂ ಉಂಟು.

ಈಚೆಗೆ ಪ್ರದೀಪ್ ಎಂಬ ಹುಡುಗ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆದಿದ್ದ. ಅವನು ಒಂದು ಪುಟ್ಟ ಮೈಕನ್ನು ಸೋಫಾದ ಮೇಲಿಟ್ಟು ಫೋನಿನಲ್ಲೇ ಎಲ್ಲ ಅಳೆಯುತ್ತಿದ್ದ. ಯಾರಾದರೂ ಆ ಮಾತೆತ್ತಿದರೆ ಚಾಂದ್ ಪಾಷ, “ಅವನಿಗೆ ಮೈಕ್ ಐತೆ, ನಂಗೆ ಕಿವಿ ಐತೆ” ಎಂದು ನಗುತ್ತಿದ್ದ. ಈಗ ಆ ಮಾತಾಡುವುದನ್ನು ಬಿಟ್ಟಿದ್ದ.

ಒಂದೇ ಕಿವಿ ಸಾಕು, ಸದ್ದು ಕೇಳಿದರಾಯಿತಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಮಂಗಳವಾರ ಪಾವಗಡ ರಸ್ತೆಯಲ್ಲಿ ಹಾರ್ನ್ ಎಡದಿಂದ ಕೇಳಿ ಸ್ಕೂಟರನ್ನು ಬಲಕ್ಕೆ ತಿರುಗಿಸಿದಾಗ, ಲಾರಿ ಇದ್ದದ್ದೇ ಆ ಪಕ್ಕದಲ್ಲಿ. ಕನ್ನಡಿ ತರಚಿ ಹೋಯಿತು. ಲಾರಿಯವನದೇ ತಪ್ಪು ಎಂದು ಬೈದುಕೊಂಡ. ಮಾರನೆಯ ದಿನದಿಂದ ಮಾತ್ರ ಸ್ಕೂಟರ್ ಬಿಟ್ಟು ಬಸ್ಸು ಹಿಡಿದ. ಪೆಟ್ರೋಲು ದುಬಾರಿ ಎಂದು ರಜಿಯಾಳಿಗೆ ಹೇಳಿದ.

ಒಂಬತ್ತು ದಿನ ಕಳೆದ ಮೇಲೆ, ಭಾನುವಾರ, ನನ್ನಿವಾಳದಲ್ಲಿ ಕೆಲಸವಿತ್ತು. ಕುದಾಪುರದ ಸಂಶೋಧನಾ ಸಂಸ್ಥೆಯೊಂದರಲ್ಲಿ ವ್ಯಾನ್ ಓಡಿಸುವ ಲೋಹಿತ ಹೊಸ ಮನೆ ಕಟ್ಟಿಸಿ, ಹಾಲಿಗೆ ಹೋಮ್ ಥಿಯೇಟರ್ ತಂದಿದ್ದ. ಜೊತೆಯ ಡ್ರೈವರುಗಳು ನಾಲ್ಕು ಗಂಟೆಗೆ ಮ್ಯಾಚ್ ನೋಡಲು ಬರುವವರಿದ್ದರು. ಅಷ್ಟರೊಳಗೆ ಮುಗಿಯಬೇಕು.

ವೈರುಗಳನ್ನು ಮನೆ ಕಟ್ಟುವಾಗಲೇ ಗೋಡೆಯ ಪೈಪಿನೊಳಗೆ ಎಳೆದುಬಿಟ್ಟಿದ್ದರು. ಟಿವಿಯ ಕೆಳಗೆ ಒಂದೇ ತೂತಿನಿಂದ ಐದು ಜೊತೆ ಹೊರಗೆ ಬಂದಿದ್ದವು. ಎಲ್ಲ ಒಂದೇ ಕೆಂಪು, ಒಂದೇ ಕಪ್ಪು. ಯಾವುದು ಯಾವ ಬಾಕ್ಸಿಗೆ ಹೋಗುತ್ತದೆಂದು ಗುರುತು ಹಾಕಿರಲಿಲ್ಲ.

“ನಿಮಗೇನು ಬಿಡಣ್ಣ, ಕಣ್ಣು ಮುಚ್ಚಿ ಹೇಳ್ತೀರ” ಎಂದ ಲೋಹಿತ. “ನನ್ನ ಹೆಂಡ್ತಿ ಅದನ್ನ ನೋಡೋಕೇ ಕಾಯ್ತಾ ಅವಳೆ.”

ಲೋಹಿತನ ಹೆಂಡತಿ ಗಂಗಲಕ್ಷ್ಮಿ ಮಂಡಕ್ಕಿಯ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಹೊರಗಿನ ಕಟ್ಟೆಯ ಮೇಲೆ ಅವನ ತಾಯಿ ಕರಿಯಕ್ಕ, ಕಂಬಕ್ಕೆ ಕಟ್ಟಿದ ಕುರಿಮರಿಗೆ ಸೊಪ್ಪು ತಿನ್ನಿಸುತ್ತಾ ಒಳಗೇ ನೋಡುತ್ತಿದ್ದಳು. ಕುರಿ ಮೇಯುತ್ತಿದ್ದ ಕಾವಲಿಗೆ ಸಂಸ್ಥೆಯವರ ಬೇಲಿ ಬಿದ್ದ ಮೇಲೆ ಅವಳ ಹತ್ತಿರ ಉಳಿದದ್ದು ಎಂಟು ಕುರಿ.

ಚಾಂದ್ ಪಾಷ ವೈರುಗಳನ್ನು ಅಂದಾಜಿನ ಮೇಲೆ ಸಿಕ್ಕಿಸಿ ಆಂಪ್ಲಿಫೈಯರಿನ ಟೆಸ್ಟ್ ಒತ್ತಿದ. ಒಂದೊಂದೇ ಬಾಕ್ಸಿನಿಂದ ಸರದಿಯ ಮೇಲೆ ಬುಸ್ಸೆನ್ನುವ ಸದ್ದು ಬರುತ್ತದೆ. ಯಾವ ಬಾಕ್ಸಿನ ಸರದಿ ಎಂಬುದು ಆಂಪ್ಲಿಫೈಯರಿನ ಮುಂದೆ ಬೆಳಗುತ್ತದೆ. ಬಲದ ದೀಪ ಬೆಳಗಿತು. ಸದ್ದು ಎಡದಿಂದ ಬಂತು.

“ಅದಲುಬದಲಾಗೈತೆ” ಎಂದು ವೈರು ಬದಲಿಸಿದ. ಮತ್ತೆ ಬಲದ ದೀಪ. ಮತ್ತೆ ಎಡದಿಂದಲೇ ಸದ್ದು. ಎದ್ದು ಇನ್ನೊಮ್ಮೆ ಬದಲಿಸಿದ. ಬೆವರೊರೆಸಿಕೊಂಡು ಬಂದು ಕೂತು ಕಣ್ಣು ಮುಚ್ಚಿದ. ಬೆರಳು ಎಡಕ್ಕೇ ಹೋಯಿತು.

ಗಂಗಲಕ್ಷ್ಮಿ ಕಿಸಕ್ಕನೆ ನಕ್ಕಳು. “ಅಣ್ಣ, ಅತ್ತ ಅಲ್ಲ, ಇತ್ತ. ಈ ಕಡೆ ಬಾಕ್ಸಲ್ಲಿ ಬರ್ತಾ ಐತೆ.”

“ಇಲ್ಲಮ್ಮ, ಎಡಗಡೇನೇ.”

“ಅಯ್ಯೋ, ನಾನು ಅದರ ಪಕ್ಕದಾಗೇ ನಿಂತೀನಿ!”

“ಪಾಷಣ್ಣ, ತಮಾಷೆ ಮಾಡ್ತಿದ್ದೀರಾ, ಇಲ್ಲ ನಿಜವಾಗ್ಲೂ ತಿಳೀತಿಲ್ವಾ?” ಲೋಹಿತನ ದನಿಯಲ್ಲಿ ನಗು ಅರ್ಧ ಮಾತ್ರ ಇತ್ತು. “ಟೈಮು ಎರಡೂವರೆ ಆತು. ನಮ್ಮೋರು ಬಂದುಬಿಡ್ತಾರೆ. ಬೇಜಾರು ಮಾಡ್ಕೋಬೇಡಿ, ಆಗಲಿಲ್ಲ ಅಂದ್ರೆ ಪ್ರದೀಪಂಗೆ ಒಂದು ಫೋನ್ ಹಾಕ್ತೀನಿ.”

“ಮಷೀನಿನೊಳಗೇ ಏನೋ ಐತೆ ಕಣಪ್ಪ. ಕೇಬಲ್ ಬದಲಾಯಿಸಿ ನೋಡ್ತೀನಿ ಇರು.”

ಕೇಬಲಿನಲ್ಲಿ ಏನೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆಂಪ್ಲಿಫೈಯರಿನ ಹಿಂದೆ ಬಗ್ಗಿ, ಮುಖ ಯಾರಿಗೂ ಕಾಣದಂತೆ, ಸುಮ್ಮನೆ ಒಂದು ವೈರನ್ನು ಬಿಚ್ಚಿ ಮತ್ತೆ ಸಿಕ್ಕಿಸಿದ. ಬಾಂಗಿನ ದಿಕ್ಕು, ಲಾರಿ, ಈಗ ಇದು. ಒಂದರ ಪಕ್ಕ ಒಂದು ಬಂದು ನಿಂತವು.

“ಸಾಬಣ್ಣ.”

ಕರೆದದ್ದು ಕರಿಯಕ್ಕ. ಅವನು ಅಡುಗೆಮನೆಯತ್ತ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ.

“ಸಾಬಣ್ಣ” ಎಂದಳು ಮತ್ತೆ. ಈ ಸಲ ಅವನ ದೇಹ ಅರ್ಧ ಸುತ್ತು ತಿರುಗಿ ಗೋಡೆಗೆ ಎದುರಾಯಿತು. ಕರಿಯಕ್ಕ ಬಾಗಿಲಲ್ಲಿ, ಅವನ ಬಲಗಡೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅವಳು ನಗಲಿಲ್ಲ. “ಒಂದಿಷ್ಟು ಹೊರಗೆ ಬಾ. ಮರಿ ಹಗ್ಗ ಸಿಕ್ಕಾಕ್ಕಂಡೈತೆ, ಬಿಡಿಸಿಕೊಡು.”

ಹೊರಗೆ ಹೋದರೆ ಹಗ್ಗ ಸರಿಯಾಗಿಯೇ ಇತ್ತು. ಕರಿಯಕ್ಕ ಕಟ್ಟೆಯ ಮೇಲೆ ಅವನ ಎಡಗಡೆಗೆ ಬಂದು ಕೂತಳು.

“ನಮ್ಮತ್ರ ಹುಲಿಯ ಅಂತ ಒಂದು ನಾಯಿ ಇತ್ತು. ಕಿವಿ ಸೋರಿ ಸೋರಿ ಒಂದು ಕಿವಿ ಸತ್ತೋತು. ಕೂಗಿದ್ರೆ ಕೇಳ್ತಿತ್ತು ಕಣಪ್ಪ. ಎಲ್ಲಿಂದ ಅನ್ನೋದು ಮಾತ್ರ ತಿಳೀತಿರಲಿಲ್ಲ. ನಾನು ಈ ಕಡೆ ನಿಂತು ಕರೆದ್ರೆ ಅದು ಆ ಕಡೆ ಓಡೋದು. ಇಲ್ಲ ಅಂದ್ರೆ ನಿಂತಲ್ಲೇ ಸುತ್ತು ಹೊಡೆಯೋದು. ಸೊಕ್ಕು ಬಂದೈತೆ ಅಂತ ಒಂದು ತಿಂಗಳು ಹೊಡೆದಿದೀನಿ ಅದನ್ನ.” ಮರಿಯ ಬಾಯಿಗೆ ಇನ್ನೊಂದು ಎಸಳು ಕೊಟ್ಟಳು. “ನಿಂದು ಯಾವ ಕಿವಿ?”

ಚಾಂದ್ ಪಾಷ ಸರಿಯಾಗಿದ್ದ ಹಗ್ಗವನ್ನೇ ಬಿಚ್ಚಿ ಕಟ್ಟಿದ. ಸುಳ್ಳು ಬಾಯಿಯವರೆಗೂ ಬಂದಿತ್ತು.

“ಬಲಗಡೇದು, ಅವ್ವ.”

“ಎಷ್ಟು ದಿನಾತು?”

“ಒಂಬತ್ತು.”

“ಮನೆಯಾಕೆಗೆ?”

“ಹೇಳಿಲ್ಲ.”

“ಕುರಿ ಕಾಲು ಕುಂಟಿದ್ರೆ ನಾವು ಅವತ್ತೇ ಹಿಡಿದು ನೋಡ್ತೀವಿ. ಹುಲಿಯನಿಗೆ ಬಾಯಿರಲಿಲ್ಲ, ಹೇಳಲಿಲ್ಲ. ನಿಂಗೇನಾಗಿತ್ತು?”

“ನನ್ನ ಕಸುಬೇ ಕಿವಿ, ಅವ್ವ. ಇದು ಗೊತ್ತಾದ್ರೆ ಯಾರು ಕರೀತಾರೆ ನನ್ನ?”

“ಕರೆದಿದ್ದೀವಲ್ಲ ಈಗ. ಒಳಗೆ ಬಿಚ್ಚಿ ಬಿಸಾಡಿದೀಯ. ಅದನ್ನ ಮುಗಿಸು ಮೊದಲು.”

ಅವನು ಒಳಗಿನ ವೈರುಗಳತ್ತ ನೋಡಿದ. ಎಡ ಯಾವುದು, ಬಲ ಯಾವುದು ಎನ್ನುವುದನ್ನು ಗಂಗಲಕ್ಷ್ಮಿಯೇ ಹೇಳಿಬಿಡುತ್ತಾಳೆ. ಆದರೆ ಬೆನ್ನು ತಿರುಗಿಸಿಕೊಂಡು ಮಾತಾಡುವ ಬಾಕ್ಸನ್ನು ಕಂಡುಹಿಡಿಯುವವರು ಯಾರು? ಆಗ ಅಪ್ಪ ನೆನಪಾದರು. ಮುದಿತನದಲ್ಲಿ ಕಿವಿ ಮಂದವಾದ ಮೇಲೂ ಅಫ್ಸರ್ ಸಾಬ್ ಸ್ಪೀಕರ್ ರಿಪೇರಿ ಬಿಟ್ಟಿರಲಿಲ್ಲ. ಒಂದು ಸೆಲ್ಲಿಗೆ ವೈರಿನ ತುದಿ ಮುಟ್ಟಿಸಿ, ಸ್ಪೀಕರಿನ ಕಾಗದದ ಮೇಲೆ ಅಂಗೈ ಇಡುತ್ತಿದ್ದರು. ವೈರು ಸರಿಯಿದ್ದರೆ ಕಾಗದ ಮುಂದಕ್ಕೆ ಜಿಗಿಯುತ್ತದೆ, ಉಲ್ಟಾ ಆಗಿದ್ದರೆ ಹಿಂದಕ್ಕೆ. ಕಿವಿಯಿದ್ದ ಮಗ ಅದನ್ನು ಮುದುಕರ ಉಪಾಯ ಎಂದು ನಕ್ಕಿದ್ದ.

ಒಳಗೆ ಹೋಗಿ ಲೋಹಿತನ ಎದುರಿಗೆ ನಿಂತ.

“ಲೋಹಿತಪ್ಪ, ಮಷೀನು ಸರಿಯಾಗೇ ಐತೆ. ನನ್ನ ಬಲಗಿವಿ ಕೇಳ್ತಿಲ್ಲ. ಪ್ರದೀಪಂಗೆ ಫೋನ್ ಮಾಡೋದಾದ್ರೆ ಮಾಡು, ನಾನೇನೂ ಅಂದ್ಕೊಳ್ಳಲ್ಲ. ಇಲ್ಲ ಅಂದ್ರೆ ಗೋಡೆ ಗಡಿಯಾರದ ಸೆಲ್ ಬಿಚ್ಚಿ ಕೊಡು.”

ಲೋಹಿತ ಕೈಯಲ್ಲಿದ್ದ ಫೋನನ್ನು ನೋಡಿದ, ತಾಯಿಯನ್ನು ನೋಡಿದ, ಫೋನನ್ನು ಜೇಬಿಗೆ ಹಾಕಿದ. ಗಂಗಲಕ್ಷ್ಮಿ ಕುರ್ಚಿ ಹತ್ತಿ ಗಡಿಯಾರ ಇಳಿಸಿದಳು. ಸೆಲ್ ತೆಗೆದಾಗ ಅದು ಎರಡು ನಲವತ್ತಕ್ಕೆ ನಿಂತಿತು.

ಬಾಕ್ಸುಗಳ ಮುಂದಿನ ಜಾಲರಿ ತೆಗೆದರು. ಚಾಂದ್ ಪಾಷ ನೆಲದ ಮೇಲೆ ಕೂತು ಒಂದೊಂದೇ ಜೊತೆ ವೈರನ್ನು ಸೆಲ್ಲಿಗೆ ಮುಟ್ಟಿಸಿದ. ಟಪ್ ಎಂದ ಕಡೆಗೆ ಗಂಗಲಕ್ಷ್ಮಿ ಬೆರಳು ತೋರಿಸಿದಳು. ಆ ಬಾಕ್ಸಿನ ಮೇಲೆ ಕರಿಯಕ್ಕ ತನ್ನ ಒರಟು ಅಂಗೈ ಇಟ್ಟಳು.

“ಮುಂದಕ್ಕೆ ಬಂತಾ, ಹಿಂದಕ್ಕೆ ಹೋತಾ?”

“ಮುಂದಕ್ಕೆ. ಹಾಯೋಕೆ ಬಂದ ಮರಿಯಂಗೆ.”

ಹಿಂದಿನ ಒಂದು ಬಾಕ್ಸಿನ ಹತ್ತಿರ ಅವಳು ತಲೆಯಾಡಿಸಿದಳು. “ಇದು ಹಿಂದೆ ಸರೀತು. ಹೆದರಿಕೊಂಡೈತೆ.” ಅದನ್ನು ಬಿಚ್ಚಿ ನೋಡಿದರೆ ಕೆಂಪು ಕಪ್ಪು ಅದಲುಬದಲಾಗಿತ್ತು. ಅವನು ಸರಿಪಡಿಸಿ, ಐದು ಜೊತೆಗೂ ಬಣ್ಣದ ದಾರ ಕಟ್ಟಿ ಗುರುತು ಹಾಕಿದ.

ಮೂರೂವರೆಗೆ ಹಳೆಯ ಮ್ಯಾಚೊಂದರ ಗದ್ದಲ ಹಾಲಿನ ತುಂಬ ಹರಡಿತು. ಗಂಗಲಕ್ಷ್ಮಿ ಕಣ್ಣು ಮುಚ್ಚಿ ಸೋಫಾದ ನಡುವೆ ಕೂತು, “ಹಿಂದೆ ಯಾರೋ ಶಿಳ್ಳೆ ಹೊಡೆದ್ರು!” ಎಂದು ಕೂಗಿದಳು. ಚಾಂದ್ ಪಾಷನಿಗೆ ಆ ಶಿಳ್ಳೆ, ಆ ಚಪ್ಪಾಳೆ, ಮಾತು ಎಲ್ಲ ಎಡಗಡೆ ಒಂದೇ ಮೂಲೆಯಲ್ಲಿ ರಾಶಿ ಬಿದ್ದಂತೆ ಕೇಳುತ್ತಿತ್ತು. ಅವನು ಬ್ಯಾಗು ಕಟ್ಟಿದ. ಲೋಹಿತ ಬೈಕಿನಲ್ಲಿ ಚಳ್ಳಕೆರೆಯವರೆಗೂ ಬಿಟ್ಟುಬಂದ. ದಾರಿಯುದ್ದಕ್ಕೂ ಏನೋ ಹೇಳುತ್ತಲೇ ಇದ್ದ. ಗಾಳಿಯಲ್ಲಿ ಒಂದೂ ತಿಳಿಯಲಿಲ್ಲ.

ಮನೆಯಲ್ಲಿ ರಜಿಯಾ ಮಾತಾಡದೆ ಚಹಾ ಇಟ್ಟಳು. ನಾಲ್ಕೈದು ದಿನಗಳಿಂದ ಅವಳು ಹೀಗೇ ಇದ್ದಳು. ಯಾಕೆಂದು ಅವನು ಕೇಳಿರಲಿಲ್ಲ. ಈಗ ಹೇಳಿದ. ಅವಳು ಲೋಟ ಕೆಳಗಿಟ್ಟಳು. ಕಣ್ಣು ತುಂಬಿತು, ಆಮೇಲೆ ಸಿಟ್ಟು ಬಂತು.

“ಮೊದಲ ನಾಲ್ಕು ದಿನ ಊಟಕ್ಕೆ ನಿಮ್ಮ ಬಲಗಡೆ ಕೂತು, ಟಿವಿ ಸದ್ದಿನ ನಡುವೆ ಮಾತಾಡಿದೀನಿ. ಮೊಳಕಾಲ್ಮೂರಿಂದ ಅಣ್ಣ ಫೋನ್ ಮಾಡಿದ್ದು, ಅಮ್ಮೀಗೆ ಹುಷಾರಿಲ್ಲದ್ದು, ಎಲ್ಲ ಹೇಳಿದೀನಿ. ನೀವು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನ್ನ ತವರು ಅಂದ್ರೆ ಇವರಿಗೆ ಇಷ್ಟೇ ಅಂತ ನಾನು ಒಳಗೊಳಗೇ ಬೇಯ್ತಿದ್ದೆ. ಅದೆಲ್ಲ ಗೋಡೆಗೆ ಹೇಳಿದ್ನಾ?”

ಅವನು ಬಚ್ಚಿಟ್ಟದ್ದು ಊರಿಗೆ ಗೊತ್ತಾಗಬಾರದೆಂದು. ಬೆಂದವಳು ಪಕ್ಕದಲ್ಲಿ ಕೂತವಳು.

ಸೋಮವಾರ ಇಬ್ಬರೂ ಚಿತ್ರದುರ್ಗದ ಆಸ್ಪತ್ರೆಗೆ ಹೋದರು. ಗಾಜಿನ ಚಿಕ್ಕ ಕೋಣೆಯಲ್ಲಿ ಕೂರಿಸಿ, ಎರಡು ಕಿವಿಗೂ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಎಡಗಿವಿಯ ಸರದಿಯಲ್ಲಿ ಅವನು ಬೇಗ ಬೇಗ ಒತ್ತಿದ. ಬಲಗಿವಿಯ ಸರದಿ ಬಂದಾಗ ಬಹಳ ಹೊತ್ತು ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಇತ್ತು. ಗಾಜಿನ ಆಚೆ ರಜಿಯಾ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಕೊನೆಗೆ ಎರಡು ಸಲ ಒತ್ತಿದ. ನಿಜವಾಗಿ ಕೇಳಿತೋ, ಕೇಳಲಿ ಎಂಬ ಆಸೆಗೆ ಒತ್ತಿದನೋ ಅವನಿಗೇ ತಿಳಿಯಲಿಲ್ಲ.

“ನರಕ್ಕೆ ಪೆಟ್ಟಾಗಿದೆ” ಎಂದರು ಡಾಕ್ಟರು. “ಗುಗ್ಗೆ ಅಲ್ಲ ಇದು. ಮೊದಲ ದಿನವೇ ಬರಬೇಕಿತ್ತು. ಇನ್ನೂ ತೀರಾ ತಡವಾಗಿಲ್ಲ, ಮಾತ್ರೆ ಶುರುಮಾಡೋಣ. ಎಷ್ಟು ವಾಪಸ್ ಬರುತ್ತೆ, ಬರುತ್ತೋ ಇಲ್ಲವೋ, ಅದನ್ನ ಈಗ ಹೇಳೋಕಾಗಲ್ಲ.”

ಹಿಂದಿರುಗುವ ಬಸ್ಸಿನಲ್ಲಿ ರಜಿಯಾ ರೂಢಿಯಂತೆ ಕಿಟಕಿಗೆ ಕೂತಳು, ಅವನ ಬಲಗಡೆ. ಸ್ವಲ್ಪ ದೂರ ಹೋದ ಮೇಲೆ ಅವಳ ತುಟಿ ಅಲ್ಲಾಡಿದ್ದು ಅವನಿಗೆ ಕಂಡಿತು. “ಏನು?” ಎಂದ. ಅವಳು ತಲೆಗೆ ಕೈ ಹಚ್ಚಿಕೊಂಡು, ಎದ್ದು, ಓಡುವ ಬಸ್ಸಿನಲ್ಲಿ ಅವನ ಮೊಣಕಾಲು ದಾಟಿ, ಅವನನ್ನು ಕಿಟಕಿಯತ್ತ ತಳ್ಳಿ ಎಡಗಡೆಗೆ ಕೂತಳು.

“ಜೇಬಲ್ಲಿ ಅದೇನು ಉಬ್ಬಿಕೊಂಡಿದೆ ಅಂದೆ.”

ಕೈ ಹಾಕಿ ನೋಡಿದ. ಲೋಹಿತನ ಗಡಿಯಾರದ ಸೆಲ್. ನನ್ನಿವಾಳದ ಆ ಹಾಲಿನಲ್ಲಿ ಇನ್ನೂ ಎರಡು ನಲವತ್ತು.

“ನಾಳೆ ಹೋಗಿ ಕೊಟ್ಟುಬನ್ನಿ” ಎಂದಳು ರಜಿಯಾ. “ಬಸ್ಸಲ್ಲೇ ಹೋಗಿ. ಸ್ಕೂಟರ್ ಮುಟ್ಟಿದ್ರೆ ನೋಡಿ ಮತ್ತೆ.” ಆಮೇಲೆ ಮೊಳಕಾಲ್ಮೂರಿನ ಅಮ್ಮಿಯ ಮಾತನ್ನು ಮೊದಲಿನಿಂದ, ಒಂದೂ ಬಿಡದೆ, ಹೇಳತೊಡಗಿದಳು. ಅವನು ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಪ್ರತಿ ಮಾತಿಗೂ ಹೂಂ ಎನ್ನುತ್ತಾ ಕೇಳಿದ. ಬಲಗಡೆ ಕಿಟಕಿಯ ಗಾಳಿ ಕೆನ್ನೆಗೆ ಬಡಿಯುತ್ತಿತ್ತು. ಅದರ ಸದ್ದಿನ ಜಾಗದಲ್ಲಿ ಸ್ಟೇಷನ್ ಸಿಗದ ರೇಡಿಯೊ ಹಾಗೇ ‘ಶ್’ ಎನ್ನುತ್ತಿತ್ತು.