ಟೀಚರ್ ದನಿಯ ನೂರ ನಲವತ್ತು ಫೈಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಟೀಚರ್ ದನಿಯನ್ನು ಅಳಿಸಿದ್ದು ನಾನೇ. ಕಂಪ್ಯೂಟರಲ್ಲ, ಕರೆಂಟಲ್ಲ, ಆಮೇಲೆ ಎರಡು ದಿನ ನಾನು ಮನಸ್ಸಿನಲ್ಲೇ ಬೈದುಕೊಂಡ ಮೈಸೂರಿನ ಸರ್ವರ್ ಕಂಪ್ಯೂಟರೂ ಅಲ್ಲ. ಕಂಪ್ಯೂಟರು ಪಾಪ, ಮರ್ಯಾದೆಯಿಂದ ಕೇಳಿತ್ತು, ಅಳಿಸಲೇ ಎಂದು. ನಾನು ನಮ್ಮ ಸಂಘದ ಅಧ್ಯಕ್ಷರ ದನಿಯಲ್ಲಿ, ಅರ್ಧ ಮೂಗಿನಿಂದ ಅರ್ಧ ಹೊಟ್ಟೆಯಿಂದ, "ಹ್ಞೂಂ, ಮಾಡಿ ಮಾಡಿ, ಅದಕ್ಕೇನಂತೆ" ಎಂದು ಗುಂಡಿ ಒತ್ತಿದ್ದೆ. ಕೋಣೆಯಲ್ಲಿ ನಗಲು ಯಾರೂ ಇರಲಿಲ್ಲ. ನಾನೇ ನಕ್ಕಿದ್ದೆ.

ಆ ಕೋಣೆ ಕುಶಾಲನಗರದಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲಿತ್ತು. ಬೆಳೆಗಾರರ ಒಂದು ಸಣ್ಣ ಸಂಘದ ಕೋಣೆ. ಸಂಘದ ನಂಬರಿಗೆ ಫೋನ್ ಮಾಡಿದರೆ ಆ ದಿನದ ಸುದ್ದಿ ಕೇಳುತ್ತಿತ್ತು: ಯಾವ ಊರಿಗೆ ಎಷ್ಟು ಮಳೆ ಬಿತ್ತು, ಕಾಡಾನೆ ಯಾವ ತೋಟದಲ್ಲಿದೆ, ಕರೆಂಟು ಎಲ್ಲಿ ಇರುವುದಿಲ್ಲ. ಮೊಬೈಲಿನ ಸಣ್ಣ ಅಕ್ಷರ ಓದಲಾಗದವರು, ತೋಟದೊಳಗೆ ಇಂಟರ್‌ನೆಟ್ ಸಿಗದವರು ಅದನ್ನೇ ನಂಬಿದ್ದರು. ಆ ಸುದ್ದಿ ಓದುವ ದನಿ ಟೀಚರದ್ದು. ಅದನ್ನು ಈ ಕಂಪ್ಯೂಟರಿನಿಂದ ಮೈಸೂರಿನ ಕಂಪ್ಯೂಟರಿಗೆ ಸಾಗಿಸುವ ಕೂಲಿ ನಾನು.

ಟೀಚರ್ ಎಂದರೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ತಮ್ಮನ ಮನೆಯಲ್ಲಿದ್ದರು. ಬೆಳಿಗ್ಗೆ ಎಂಟಕ್ಕೆ ಸಂಘದ ಜೀಪು ಹೋಗಿ ಕರೆದುಕೊಂಡು ಬರುತ್ತಿತ್ತು. ಓದುವುದು ಐದು ನಿಮಿಷ. ಜೀಪು ಬೇರೆ ಕೆಲಸ ಮುಗಿಸಿ ವಾಪಸು ಬರುವುದು ಹನ್ನೊಂದಕ್ಕೆ. ನಡುವಿನ ಹೊತ್ತೆಲ್ಲ ಅವರು ಕುರ್ಚಿಯಲ್ಲಿ ಕೂತು ನನ್ನನ್ನು ಆಡಿಕೊಳ್ಳುತ್ತಿದ್ದರು, ನಾನು ಊರವರ ದನಿಯನ್ನೆಲ್ಲ ಅಣಕಿಸುತ್ತಿದ್ದೆ. ನನ್ನ ಮನೆ ಜಿಲ್ಲೆಯ ಆ ತುದಿ, ಶ್ರೀಮಂಗಲದ ಕಡೆ. ಕುಶಾಲನಗರದಲ್ಲಿ ನನ್ನನ್ನು ಬಲ್ಲವರೆಂದರೆ ಹೋಟೆಲು ನಡೆಸುವ ಮಲಯಾಳಿ ಕಾಕ ಒಬ್ಬರು. ಅವರಿಗೂ ನನ್ನ ಹೆಸರು ‘ಎರಡು ಇಡ್ಲಿ, ವಡೆ ಬೇಡ’ ಎಂದೇ. ಹಾಗಾಗಿ ಎಂಟರಿಂದ ಹನ್ನೊಂದರವರೆಗೆ ನಾನು ಮನುಷ್ಯ, ಆಮೇಲೆ ಮತ್ತೆ ಇಡ್ಲಿ.

ಫೈಲು ಸಾಗಿಸುವ ತಂತ್ರಾಂಶದಲ್ಲಿ ಪರದೆ ಎರಡು ಭಾಗ. ಎಡಗಡೆ ಇಲ್ಲಿರುವ ಫೈಲುಗಳು, ಬಲಗಡೆ ಮೈಸೂರಿನಲ್ಲಿರುವವು. ಟೀಚರ್ ಒಂದೇ ದಿನದಲ್ಲಿ ಅದಕ್ಕೆ ತಮ್ಮದೇ ಪಾಠ ಬರೆದುಬಿಟ್ಟಿದ್ದರು.

"ಎಡಗಡೆ ನಮ್ಮನೆ, ಬಲಗಡೆ ನೆಂಟರ ಮನೆ. ಕಾಪಿ ಅಂದ್ರೆ ಪಾಯಸ ಕೊಟ್ಟು ಕಳ್ಸೋದು. ಮೂವ್ ಅಂದ್ರೆ ಪಾತ್ರೆ ಸಮೇತ ಕೊಟ್ಟುಬಿಡೋದು. ಸರೀನಾ?"

"ಸರಿ ಟೀಚರ್. ಸಿಂಕ್ರನೈಸ್ ಅಂದ್ರೆ?"

"ಎರಡೂ ಮನೆ ಒಂದೇ ಥರ ಇರ್ಬೇಕು ಅಂತ ಹಟ ಹಿಡಿಯೋದು. ಅದು ನಮ್ಮ ತಮ್ಮನ ಹೆಂಡ್ತಿ."

ಆ ತಮ್ಮನ ಹೆಂಡತಿ ಒಳ್ಳೆಯವರೇ. ಅತಿ ಒಳ್ಳೆಯವರು. ಟೀಚರ್ ಲೋಟ ಎತ್ತಿದರೆ "ಅಕ್ಕ, ಬಿಡಿ", ಕಸಬರಿಕೆ ಮುಟ್ಟಿದರೆ "ಅಕ್ಕ, ನೀವು ಕೂತ್ಕೊಳ್ಳಿ". ಬೆಳಗಿನಿಂದ ರಾತ್ರಿಯವರೆಗೆ ಕೂರಿಸುತ್ತಿದ್ದರಂತೆ. "ಮೂವತ್ತು ವರ್ಷ ಮಕ್ಕಳಿಗೆ ಕೂತ್ಕೊಳ್ಳಿ ಕೂತ್ಕೊಳ್ಳಿ ಅಂದೆ ನೋಡು, ಅದರ ಶಾಪ," ಎನ್ನುತ್ತಿದ್ದರು ಟೀಚರ್. ಮಳೆ ಎಷ್ಟು ಬಿತ್ತೆಂದು ಜನ ತಮ್ಮ ಬಾಯಿಂದಲೇ ಕೇಳುತ್ತಾರೆ ಎಂಬುದೊಂದೇ ಅವರನ್ನು ಎಬ್ಬಿಸಿ ಸೀರೆ ಉಡಿಸಿ ಜೀಪು ಹತ್ತಿಸುತ್ತಿದ್ದದ್ದು. ಹಾಗೆಂದು ಅವರು ಹೇಳಲಿಲ್ಲ. ಜೀಪು ಐದು ನಿಮಿಷ ತಡವಾದ ದಿನ ಅವರ ಮುಖ ನೋಡಿದರೆ ಸಾಕಿತ್ತು.

ಜೂನಿನಲ್ಲಿ ಅವರ ಕಣ್ಣಿಗೆ ಪೊರೆಯ ಆಪರೇಷನ್ ನಿಗದಿಯಾಯಿತು. ಹತ್ತು ದಿನ ಬರುವಂತಿಲ್ಲ. ಸುದ್ದಿ ನಿಲ್ಲುವಂತೆಯೂ ಇಲ್ಲ. ಆಗ ಟೀಚರೇ ಉಪಾಯ ಹೇಳಿದರು: ಅಂಕಿಗಳನ್ನೂ ಊರುಗಳ ಹೆಸರನ್ನೂ ಬಿಡಿಬಿಡಿಯಾಗಿ ಓದಿ ಇಡುತ್ತೇನೆ, ನೀನು ದಿನವೂ ಬೇಕಾದ್ದನ್ನು ಜೋಡಿಸಿಕೋ. ಎರಡು ದಿನ ಕೂತು ಓದಿದರು. ಸೊನ್ನೆಯಿಂದ ತೊಂಬತ್ತೊಂಬತ್ತು, ಮೂರ್ನಾಡು, ಶ್ರೀಮಂಗಲ, ಇಂಚು, ಇಂಚಿನ ನೂರನೇ ಒಂದು ಭಾಗವಾದ ಸೆಂಟು, ಕಾಡಾನೆ, ಒಂಟಿ ಸಲಗ, ಹಿಂಡು. ಒಟ್ಟು ನೂರ ನಲವತ್ತು ಫೈಲು. ಮೈಸೂರಿಗೆ ಕಾಪಿ ಮಾಡಿದೆ. ಹೊರಡುವಾಗ ಕುರ್ಚಿಯ ಬೆನ್ನನ್ನು ತಟ್ಟಿ ಹೇಳಿದರು:

"ಹತ್ತೇ ದಿನ. ಇಲ್ಲಿ ಬೇರೆ ಯಾರನ್ನೂ ಕೂರಿಸ್ಬೇಡ ಮತ್ತೆ."

ಅದೇ ಸಂಜೆ ನಮ್ಮ ಮುದಿ ಕಂಪ್ಯೂಟರು ಜಾಗವಿಲ್ಲ ಜಾಗವಿಲ್ಲ ಎಂದು ಅಳತೊಡಗಿತು. ಮೈಸೂರಿನಲ್ಲಿ ಇವೆಯಲ್ಲ ಎಂದು ಎಡಗಡೆಯ ನೂರ ನಲವತ್ತನ್ನೂ ಬುಡಸಮೇತ ತೆಗೆದೆ, ಕಸದ ಬುಟ್ಟಿಯಲ್ಲೂ ಉಳಿಸಲಿಲ್ಲ. ಮರುದಿನ ಬೆಳಿಗ್ಗೆ, ದಿನದ ಅಭ್ಯಾಸದಂತೆ, ಸಿಂಕ್ರನೈಸ್ ಒತ್ತಿದೆ. ಎಡಗಡೆ ಹೇಗಿದೆಯೋ ಬಲಗಡೆಯೂ ಹಾಗೇ ಆಗಲಿ ಎಂಬುದು ಅದಕ್ಕೆ ನಾನೇ ಕೊಟ್ಟಿದ್ದ ಆಜ್ಞೆ. ಎಡಗಡೆ ಇಲ್ಲದ ನೂರ ನಲವತ್ತು ಫೈಲು ಬಲಗಡೆ ಇವೆ, ಅಳಿಸಲೇ ಎಂದು ಕೇಳಿತು. ಅಧ್ಯಕ್ಷರು ಏನೆಂದರೆಂದು ಆಗಲೇ ಹೇಳಿದ್ದೇನೆ. ಎರಡೂ ಮನೆ ಒಂದೇ ಥರ ಆದವು. ಎರಡೂ ಖಾಲಿ. ನೆಂಟರ ಮನೆಯಲ್ಲಿ ಕಸದ ಬುಟ್ಟಿಯೂ ಇರಲಿಲ್ಲ.

ಟೀಚರಿಗೆ ಫೋನ್ ಮಾಡಿ ಹೇಳಬಹುದಿತ್ತು. ನಂಬರು ತೆಗೆದೆ, ಇಟ್ಟೆ. ಆಗಲೇ ಅವರನ್ನು ಆಪರೇಷನ್ ಕೋಣೆಗೆ ಕರೆದೊಯ್ದಿರುತ್ತಾರೆ ಎಂದು ನನಗೆ ನಾನೇ, ಡಾಕ್ಟರ ದನಿಯಲ್ಲಿ, ಹೇಳಿಕೊಂಡೆ. ಗಂಟೆ ಎಂಟೂವರೆ. ಒಂಬತ್ತಕ್ಕೆ ಜನ ಫೋನ್ ಮಾಡಲು ಶುರು. ಟೀಚರ ಕುರ್ಚಿಯಲ್ಲಿ ಕೂರದೆ, ಪಕ್ಕದಲ್ಲಿ ನಿಂತೇ, ಮೈಕು ಎಳೆದುಕೊಂಡು ಅವರ ದನಿಯಲ್ಲಿ ಇಡೀ ಸುದ್ದಿ ಓದಿ ಮೈಸೂರಿಗೆ ಕಳಿಸಿದೆ. ಹದಿನೆಂಟು ತಿಂಗಳು ಅವರ ಎದುರೇ ಅವರನ್ನು ಅಣಕಿಸಿ ಬೈಸಿಕೊಂಡಿದ್ದು ಒಮ್ಮೆಯಾದರೂ ಉಪಯೋಗಕ್ಕೆ ಬಂತು.

ಯಾರಿಗೂ ಗೊತ್ತಾಗಲಿಲ್ಲ. ಮೊದಲ ದಿನ ಹೆದರಿಕೊಂಡಿದ್ದೆ, ಎರಡನೆಯ ದಿನ ಬೀಗಿದೆ, ಮೂರನೆಯ ದಿನ ಉತ್ಸಾಹ ಹೆಚ್ಚಾಗಿ ಟೀಚರ್ ಹೇಳಬಹುದಾದ ಮಾತುಗಳನ್ನೂ ಸೇರಿಸತೊಡಗಿದೆ: "ಆನೆ ದಾರೀಲಿದೆ, ಮಕ್ಕಳನ್ನ ಒಬ್ಬೊಬ್ರನ್ನೇ ಸ್ಕೂಲಿಗೆ ಕಳಿಸ್ಬೇಡಿ." ಓದಿ ಕಳಿಸಿದ ಮೇಲೆ ನಾನೇ ಸಂಘದ ನಂಬರಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಆ ಕಡೆ ಟೀಚರು, ಈ ಕಡೆ ನಾನು. ಕೋಣೆಯಲ್ಲಿ ಇಬ್ಬರಿದ್ದಂತಾಗುತ್ತಿತ್ತು. ಸುದ್ದಿ ಐದು ನಿಮಿಷ. ಮುಗಿದೊಡನೆ ಕೆಳಗಡೆ ಗೊಬ್ಬರದ ಚೀಲ ಎಳೆಯುವ ಸದ್ದು.

ಮೂರ್ನಾಡಿನ ಕಡೆಯ ಒಂದು ತೋಟದ ರೈಟರು ದಿನಾ ಬೆಳಿಗ್ಗೆ ಕೋಣೆಯ ಫೋನಿಗೆ ಮಳೆಯ ಲೆಕ್ಕ ಹೇಳುತ್ತಿದ್ದರು. ರೈಟರೆಂದರೆ ತೋಟದ ಆಳುಗಳ ಹಾಜರಿ ಹಾಕುವವರು, ಮಳೆ ಅಳೆಯುವವರು. ಕ್ವಾರ್ಟರ್ಸಿನಲ್ಲಿ ಒಬ್ಬರೇ. ಮಾಮೂಲಾಗಿ ಟೀಚರೇ ಎತ್ತುತ್ತಿದ್ದ ಫೋನದು. ಮಳೆಗೆ ಲೈನು ಕೆಟ್ಟು ನಾಲ್ಕು ದಿನ ಬಂದಿರಲಿಲ್ಲ. ಐದನೆಯ ದಿನ ಅದು ಬಡಿದಾಗ ನಾನು ಆಗಷ್ಟೇ ಉಳಿದ ಊರುಗಳ ಲೆಕ್ಕ ಓದಿ ಮುಗಿಸಿದ್ದೆ, ಟೀಚರ ದನಿ ಇನ್ನೂ ಗಂಟಲಲ್ಲೇ ಇತ್ತು.

"ಟೀಚರೇ, ಒಂದು ಇಂಚು ನಲವತ್ತು ಸೆಂಟು."

"ಬರ್ಕೊಂಡೆ. ತಿಂಡಿ ಆಯ್ತಾ?" ಬಾಯಿಂದ ಬಂದೇಬಿಟ್ಟಿತು.

"ಎಂತ ತಿಂಡಿ, ನಿನ್ನೆಯ ರೊಟ್ಟಿ ಉಂಟು. ನಮ್ಮ ನಾಯಿ ಸೌದೆ ಕೊಟ್ಟಿಗೇಲಿ ಮರಿ ಹಾಕಿತ್ತು ಟೀಚರೇ, ನಿನ್ನೆ ಸಿಕ್ಕಿದವು, ನಾಲ್ಕು. ಯಾರಿಗೆ ಹೇಳೋದು ಅಂತ ನಿನ್ನೆಯಿಂದ ಕಾಯ್ತಾ ಇದ್ದೆ."

"ಕಣ್ಣು ಬಿಟ್ಟಿದ್ದಾವಾ?"

"ಒಂದು ಬಿಟ್ಟಿದೆ. ಉಳಿದ ಮೂರು ನಿಮ್ಮ ಅಧ್ಯಕ್ಷರ ಹಾಗೇ, ಇನ್ನೂ ಬಿಡ್ಬೇಕಷ್ಟೇ."

ಇಬ್ಬರೂ ನಕ್ಕೆವು. ಟೀಚರ ನಗು ನಗುವುದು ಕಷ್ಟ, ಕೊನೆಯಲ್ಲಿ ಒಂದು ‘ಅಯ್ಯೋ ದೇವ್ರೇ’ ಇರುತ್ತದೆ, ಅದನ್ನೂ ಸೇರಿಸಿದೆ. ಮರಿಗಳ ಬಣ್ಣ, ಹಳೆಯ ನಾಯಿ, ಅವರ ಮಂಡಿನೋವು, ಈ ಸಲದ ಮಳೆ ಶುರುವಾದ ರೀತಿ. ಹನ್ನೊಂದು ನಿಮಿಷ ಮಾತಾಡಿದೆವು. ಆ ವಾರದಲ್ಲಿ ನಾನು ಒಬ್ಬರೊಂದಿಗೆ ಆಡಿದ ಅತಿ ಉದ್ದದ ಮಾತು ಅದು.

ಮರುದಿನ, ಇದು ಸರಿಯಲ್ಲ ಎನ್ನಿಸಿ, ನನ್ನ ದನಿಯಲ್ಲೇ ಎತ್ತಿದೆ. ನಿಜ ಹೇಳಬೇಕೆಂದರೆ ಮರಿಗಳ ಬಗ್ಗೆ ಕೇಳುವ ಆಸೆಯಿತ್ತು.

"ಹಲೋ, ಮರಿಗಳು ಹೇಗಿವೆ?"

"ಯಾರದು? ಟೀಚರಿಲ್ವಾ?"

"ಹೊರಗೆ ಹೋಗಿದ್ದಾರೆ. ನಾನು ಇಲ್ಲಿಯ…"

"ಎಂಬತ್ತು ಸೆಂಟು." ಟಕ್ಕೆಂದು ಇಟ್ಟರು.

ತಪ್ಪು ಅವರದಲ್ಲ. ನಾನು ಊರಲ್ಲಿರುವ ಎಲ್ಲರ ದನಿಯಲ್ಲೂ ಮಾತಾಡುತ್ತೇನೆ. ನನ್ನ ಹಾಗೆ ಮಾತಾಡುವವನೊಬ್ಬ ಇದ್ದಾನೆಂದು ಯಾರಿಗಾದರೂ ಹೇಗೆ ಗೊತ್ತಾಗಬೇಕು? ಕಾಕನ ಹೋಟೆಲಿನಲ್ಲಿ ಅಂದು ನನ್ನ ಸ್ವಂತ ದನಿಯಲ್ಲಿ "ಒಂದು ವಡೆಯೂ ಕೊಡಿ" ಎಂದೆ. ಕಾಕ ತಲೆ ಎತ್ತಿ, "ಎಂದಾ ಮೋನೇ, ಏನಾಯ್ತು, ಜ್ವರವಾ?" ಎಂದು ಕೇಳಿದರು.

ಏಳನೆಯ ದಿನ ಅಧ್ಯಕ್ಷರಿಗೆ ಸಿಕ್ಕಿಬಿದ್ದೆ. ಯಾವತ್ತೂ ಮೆಟ್ಟಿಲು ಹತ್ತದವರು ಅಂದು ಸೀಲು ಹುಡುಕಿಕೊಂಡು ಬಂದು ಬಾಗಿಲು ತೆಗೆದರೆ, ನಾನು ಕಣ್ಣು ಮುಚ್ಚಿ ಟೀಚರಾಗಿ ನಿಂತು ಆನೆಯ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದೆ. ಕೆಲಸ ಹೋಯಿತೆಂದುಕೊಂಡೆ. ಆದರೆ ಅಧ್ಯಕ್ಷರು ಖುಷಿಯಲ್ಲಿ ಕುಣಿದುಬಿಡುವುದೊಂದು ಬಾಕಿ.

"ಇಷ್ಟು ದಿನ ನೀನೇನಾ! ನಾನೂ ದಿನಾ ಕೇಳ್ತಿದ್ದೀನಿ ಮಾರಾಯ, ಒಂಚೂರೂ ಡೌಟು ಬರ್ಲಿಲ್ಲ!" ನಂತರ ಗಂಭೀರವಾಗಿ ಮೂಗಿಗೆ ದನಿ ಏರಿಸಿದರು. "ಸಂಘದ ಹಿತದೃಷ್ಟಿಯಿಂದ ನೋಡು, ಹಾಗಾದ್ರೆ ಜೀಪು ದಿನಾ ಆ ಕಡೆ ಯಾಕೆ ಹೋಗ್ಬೇಕು? ಟೀಚರಿಗೂ ವಯಸ್ಸಾಯ್ತು. ಸೋಮವಾರ ಬರ್ತಾರಲ್ಲ, ಒಂದು ಶಾಲು, ಹಣ್ಣಿನ ಬುಟ್ಟಿ, ಒಳ್ಳೆ ಸನ್ಮಾನ ಮಾಡಿ ಕಳಿಸಿಬಿಡೋಣ. ನೀನು ಏನೂ ಹೇಳ್ಬೇಡ, ನಾನೇ ಹೇಳ್ತೀನಿ."

"ಸರ್, ಟೀಚರಿಗೆ ಬೇಜಾರಾಗ್ತದೆ."

"ಶಾಲು ಹೊದಿಸಿದ್ರೆ ಯಾರಿಗಯ್ಯಾ ಬೇಜಾರು?"

ಅವರು ಇಳಿದು ಹೋದ ಮೇಲೆ ಅವರ ಹಾಗೆ ಮಾತಾಡಿ ನೋಡಿದೆ. ನಗು ಬರಲಿಲ್ಲ. ಹತ್ತು ದಿನ ಕಾಯಬೇಕಾಗಿದ್ದ ಕುರ್ಚಿಯನ್ನು ನಾನು ನಿಂತುಕೊಂಡೇ ಕಸಿದುಕೊಂಡಿದ್ದೆ.

ಉಳಿದದ್ದು ಒಂದೇ ದಾರಿ: ಕೆಟ್ಟದಾಗಿ ಅಣಕಿಸುವುದು. ಜನ ದೂರು ಕೊಡಲಿ, ನಿಜವಾದ ಟೀಚರೇ ಬೇಕೆನ್ನಲಿ ಎಂದು ಎಂಟನೆಯ ದಿನ ಬೇಕೆಂದೇ ತಡವರಿಸಿದೆ, ಒಂಬತ್ತನೆಯ ದಿನ ದನಿ ನಡುಗಿಸಿದೆ, ಇಂಚನ್ನೂ ಸೆಂಟನ್ನೂ ಎಳೆದೆಳೆದು ಓದಿದೆ. ಫೋನು ಬಂದವು, ಸಾಲಾಗಿ. "ಟೀಚರಿಗೆ ಹುಷಾರಿಲ್ಲ ಅಂತ ಕಾಣ್ತದೆ, ಪಾಪ, ರೆಸ್ಟ್ ಕೊಡಿ." ಅಧ್ಯಕ್ಷರಿಗೂ ನಾಲ್ಕೈದು ಜನ ಹೇಳಿದರಂತೆ. ಅವರು ನನಗೆ ಫೋನ್ ಮಾಡಿ, "ನೋಡಿದ್ಯಾ, ಜನಾಭಿಪ್ರಾಯವೂ ಅದೇ," ಎಂದರು. ನನ್ನ ಬುದ್ಧಿವಂತಿಕೆ ಯಾವತ್ತೂ ಹೀಗೆಯೇ, ಹಗ್ಗ ಬಿಚ್ಚಲು ಹೋಗಿ ಇನ್ನೊಂದು ಗಂಟು.

ಸೋಮವಾರ ಎಂಟಕ್ಕೆ ಜೀಪು ಬಂತು. ಟೀಚರ್ ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ಕುರ್ಚಿಯನ್ನು ಕೈಯಿಂದ ಸವರಿ ನೋಡಿ ಕೂತರು. ಅಧ್ಯಕ್ಷರು ಬಾಗಿಲಲ್ಲೇ ಇದ್ದರು, ಶಾಲು, ಬುಟ್ಟಿ ಸಮೇತ. ಅವರು ಗಂಟಲು ಸರಿಮಾಡಿಕೊಳ್ಳುವುದರೊಳಗೆ ನಾನು ಹೇಳಿಬಿಡಬೇಕಿತ್ತು.

"ಟೀಚರ್, ನೀವು ಓದಿಟ್ಟಿದ್ದು ನಾನು ಮೊದಲ ದಿನವೇ ಅಳಿಸಿಬಿಟ್ಟೆ. ಇಷ್ಟು ದಿನ ಓದಿದ್ದು ನಾನು."

"ಗೊತ್ತು," ಎಂದರು ಟೀಚರ್. "ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ರು. ಬೇರೆ ಎಂತ ಮಾಡೋದು, ದಿನಾ ನಮ್ಮ ನಂಬರಿಗೇ ಫೋನ್ ಮಾಡ್ತಿದ್ದೆ. ನಾನು ಓದಿಟ್ಟಿದ್ದು ಬರೀ ಅಂಕಿ, ಊರು. ಮಕ್ಕಳನ್ನ ಒಬ್ಬೊಬ್ರನ್ನೇ ಕಳಿಸ್ಬೇಡಿ ಅಂತ ಯಾವಾಗ ಓದಿದ್ದೆ ನಾನು?"

ಕಪ್ಪು ಕನ್ನಡಕದ ಹಿಂದೆ ಕೋಪವಿತ್ತೋ ನಗುವಿತ್ತೋ ಕಾಣಲಿಲ್ಲ. ಕ್ಷಮಿಸಿ ಎಂದೆ. ನನ್ನದೇ ದನಿಯಲ್ಲಿ ಎಂದೆ. ಅದು ತೀರ ಸಣ್ಣಗೆ ಕೇಳಿತು.

ಅಧ್ಯಕ್ಷರು ಮುಂದೆ ಬಂದರು. "ಹುಡುಗನ್ನ ಬಿಡಿ ಟೀಚರೇ, ಒಳ್ಳೇದೇ ಆಯ್ತು. ಥೇಟ್ ನಿಮ್ಮ ಹಾಗೇ ಮಾಡ್ತಾನೆ, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ಈ ವಯಸ್ಸಲ್ಲಿ ನೀವು ಜೀಪು ಹತ್ತಿ ಇಳಿದು ಯಾಕೆ ಕಷ್ಟ ಪಡ್ಬೇಕು? ಇನ್ಮೇಲೆ ಮನೇಲಿ ಆರಾಮಾಗಿ ಕೂತ್ಕೊಳ್ಳಿ." ಹಾಗೆಂದು ಶಾಲು ಬಿಡಿಸಿ ಅವರ ಹೆಗಲಿಗೆ ಹೊದಿಸಿದರು.

ಟೀಚರ್ ಎದ್ದರು. ಶಾಲು ತೆಗೆದರು, ತಡವಿಕೊಂಡು ಬಂದು ಅದನ್ನು ನನ್ನ ಹೆಗಲಿಗೆ ಹಾಕಿದರು, ವಾಪಸು ಹೋಗಿ ಕುರ್ಚಿಯಲ್ಲಿ ಕೂತು ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಹಾಗಾದ್ರೆ ಮನೇಲಿ ಆರಾಮಾಗಿ ಕೂರೋದನ್ನೂ ಇವನ ಕೈಲೇ ಮಾಡ್ಸಿ ಅಧ್ಯಕ್ಷರೇ. ಅದನ್ನೂ ಥೇಟ್ ನನ್ನ ಹಾಗೇ ಮಾಡ್ತಾನೆ."