ಪಿಸುಮಾತಿನ ಮಿಸ್

ಹನ್ನೊಂದು ವರ್ಷಗಳಿಂದ ಅವಳು ಕೂರುತ್ತಿರುವುದು ಏಳು ವರ್ಷದ ಮಕ್ಕಳ ಅಳತೆಯ ಕುರ್ಚಿಯಲ್ಲಿ. ಮಂಡಿ ಎದೆಗೆ ತಾಗುತ್ತದೆ. ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುವ ಶಾಲೆ. ಮನೆಯಲ್ಲಿ ಇಂಗ್ಲಿಷನ್ನೇ ಕೇಳದೆ ಬಂದ ಮಗುವಿನ ಪಕ್ಕ ಕೂತು, ಟೀಚರ್ ಹೇಳಿದ್ದನ್ನು ಮನೆಮಾತಿನಲ್ಲಿ ತಿಳಿಸಿ, ಇಂಗ್ಲಿಷ್ ಉತ್ತರವನ್ನು ತುಂಡು ತುಂಡಾಗಿ ಕಿವಿಗೆ ದಾಟಿಸುವುದು ಅವಳ ಕೆಲಸ. ಉಳಿದ ಮೂವತ್ತು ಮಕ್ಕಳಿಗೆ ತೊಂದರೆಯಾಗಬಾರದಲ್ಲ, ಎಲ್ಲವೂ ಪಿಸುದನಿಯಲ್ಲಿ. ಪಿಸುಮಾತಿನ ಮಿಸ್ ಎಂದೇ ಮಕ್ಕಳು ಹೆಸರಿಟ್ಟಿದ್ದರು.

ಸಂಜೆಯ ಹೊತ್ತಿಗೆ ಗಂಟಲು ಒಣಗಿ ಉರಿಯುತ್ತಿತ್ತು. ಮನೆಯಲ್ಲೂ ದನಿ ಏಳುತ್ತಿರಲಿಲ್ಲ. “ಉಪ್ಪಿನ ಡಬ್ಬಿ ಎಲ್ಲಿದೆ ಅನ್ನೋದೂ ಗುಟ್ಟೇನಮ್ಮ? ನಾನೇನು ಊರಿಗೆಲ್ಲ ಸಾರಿಕೊಂಡು ಬರಲ್ಲ,” ಎನ್ನುತ್ತಿದ್ದರು ಅತ್ತೆ.

ಈ ವರ್ಷ ಅವಳ ಪಾಲಿಗೆ ಬಂದವಳು ಮುಂದಿನ ಹಲ್ಲು ಬಿದ್ದ, ಎರಡು ಜಡೆಯ ಹುಡುಗಿ. ಹೇಳಿಕೊಟ್ಟದ್ದನ್ನು ಗಬಕ್ಕನೆ ಹಿಡಿಯುವವಳು. ಆದರೂ ಬಾಯಿ ಪರೀಕ್ಷೆಯಲ್ಲಿ ಹೆಡ್ ಮಿಸ್ ಆರು ಪ್ರಶ್ನೆ ಕೇಳಿ, ‘ಮಾತಾಡುವುದಿಲ್ಲ’ ಎಂದು ಬರೆದರು. ಶುಕ್ರವಾರ ಇನ್ನೊಂದೇ ಅವಕಾಶ; ಆಗಲೂ ಹೀಗಾದರೆ ಒಂದು ಕ್ಲಾಸು ಕೆಳಕ್ಕೆ.

ಉತ್ತರ ಗೊತ್ತಿರಲಿಲ್ಲವೇ ಎಂದು ಅವಳು ಕೇಳಿದಾಗ ಹುಡುಗಿ ಕಿವಿಯ ಬಳಿ ಬಾಗಿ ಆರನ್ನೂ ಇಂಗ್ಲಿಷಿನಲ್ಲೇ ತಪ್ಪಿಲ್ಲದೆ ಪಿಸುಗುಟ್ಟಿದಳು.

“ಮತ್ತೆ ಅವರಿಗ್ಯಾಕೆ ಹೇಳ್ಲಿಲ್ಲ ಪುಟ್ಟಿ?”

“ಹೇಳ್ದೆ ಮಿಸ್. ಹೀಗೇ ಹೇಳ್ದೆ.” ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಟೀಚರ್ ಇಂಗ್ಲಿಷ್ ಜೋರು. ನಮ್ದು ಮೆಲ್ಲಗೆ ಅಲ್ವಾ?”

ಅವಳು ಕಲಿಸಬೇಕೆಂದುಕೊಂಡದ್ದರ ಜೊತೆಗೆ, ಕಲಿಸಬೇಕೆಂದಿರದ ಪಿಸುದನಿಯೂ ಹುಡುಗಿಯೊಳಗೆ ಹೋಗಿ ಕೂತಿತ್ತು. ಉಳಿದದ್ದು ನಾಲ್ಕೇ ದಿನ.

ಊಟದ ಬಿಡುವಿನಲ್ಲಿ ಹುಡುಗಿಯನ್ನು ಕೈತೊಳೆಯುವ ನಲ್ಲಿಗಳ ಬಳಿ ನಿಲ್ಲಿಸಿ, ತಾನು ಕಾರಿಡಾರಿನ ಇನ್ನೊಂದು ತುದಿಯ ಮೆಟ್ಟಿಲ ಬಳಿ ನಿಂತಳು. ಕೇಳಿದ ಪ್ರಶ್ನೆ ಅರ್ಧ ದಾರಿಯಲ್ಲೇ ಬಿದ್ದುಹೋಯಿತು.

“ಕೇಳಿಸ್ತಿಲ್ಲ ಮಿಸ್. ಜೋರಾಗಿ ಹೇಳಿ,” ಎಂದಳು ಹುಡುಗಿ, ಮನೆಮಾತಿನಲ್ಲಿ ಗಟ್ಟಿಯಾಗಿ.

ಅವಳು ಕೆಮ್ಮಿ, ಉಗುಳು ನುಂಗಿ, ಮತ್ತೆ ಕೂಗಿದಳು. ಹುಡುಗಿಯ ಇಂಗ್ಲಿಷ್ ಮೊದಲು ನಲ್ಲಿಯ ಸದ್ದಿನಲ್ಲಿ ಮುಳುಗಿತು. ಬುಧವಾರ ಸ್ವಲ್ಪ ತಲೆ ಎತ್ತಿತು. ಗುರುವಾರ, ನೆಲ ಒರೆಸಲು ಕಾದಿದ್ದ ಆಯಾ, “ನಿಮ್ಮಿಬ್ಬರ ಜಗಳ ಮುಗಿದ್ರೆ ಹೇಳಿ, ನಾನು ಬಕೆಟ್ ತರ್ತೀನಿ,” ಎಂದಳು.

ಶುಕ್ರವಾರ ಹೆಡ್ ಮಿಸ್ ಕೋಣೆಯಲ್ಲಿ ಅವಳು ಗೋಡೆಯ ಬದಿಗೆ ಕೂತಿದ್ದಳು. ಮೊದಲ ಪ್ರಶ್ನೆಗೆ ಹುಡುಗಿಯ ತುಟಿ ಮಾತ್ರ ಅಲುಗಿತು. ಹೆಡ್ ಮಿಸ್ ಪೆನ್ನು ತೆಗೆದರು. ಅಷ್ಟರಲ್ಲಿ ಹುಡುಗಿ ಕುರ್ಚಿಯಿಂದ ಇಳಿದು, ಬಾಗಿಲವರೆಗೆ ನಡೆದು, ಬೆನ್ನನ್ನು ಬಾಗಿಲಿಗೆ ಆನಿಸಿ ನಿಂತಳು. ಅಲ್ಲಿಂದ ತನ್ನ ಹೆಸರು, ವಯಸ್ಸು, ಚೀಲದ ಬಣ್ಣ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಹತ್ತಿರ ಬಾ ಎಂದರೆ ತಲೆಯಾಡಿಸಿ ಬೇಡವೆಂದಳು. ಹೆಡ್ ಮಿಸ್ ಕಿವಿ ಉಜ್ಜಿಕೊಂಡು, ಹಳೆಯ ಸಾಲನ್ನು ಹೊಡೆದುಹಾಕಿ, ಅದೇ ಕ್ಲಾಸಿನಲ್ಲಿ ಮುಂದುವರಿಯಲಿ ಎಂದು ಬರೆದರು.

ಹೊರಗೆ ಬಂದಮೇಲೆ ಹುಡುಗಿ ಅವಳ ಸೆರಗು ಜಗ್ಗಿ, ಕಿವಿಯ ಬಳಿ ಕೇಳಿದಳು: “ಪಾಸಾ ಮಿಸ್?”

ಅವಳು ಬಾಯಿ ತೆರೆದಳು. ಇಷ್ಟು ದಿನ ಕೂಗಿ ಕೂಗಿ ದನಿ ಪೂರ್ತಿ ಕಟ್ಟಿತ್ತು. ಹೌದೆಂದು ತಲೆಯಾಡಿಸಿದಳು.