ಎಂಟು ಬಿಸ್ಕತ್ತನ್ನು ಎರಡು ಪಾಲು ಮಾಡುವುದು

ಶನಿವಾರದ ಕೊನೆಯ ಬ್ರೆಡ್ಡು ಒಲೆಯಿಂದ ಹೊರಬಂದು, ತೊಳೆದ ಟ್ರೇಗಳೆಲ್ಲ ಗೋಡೆಗೊರಗಿದ ಮೇಲೆ, ಬೇಕರಿಯ ಒಲೆ ನೋಡಿಕೊಳ್ಳುವ ಒಲೆಯಣ್ಣ ಒಂದು ಟ್ರೇಯನ್ನು ಬೋರಲು ಹಾಕಿ ಅದರ ಮೇಲೆ ಬಿಸ್ಕತ್ತಿನ ಎರಡು ರಾಶಿ ಇಟ್ಟ. ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಏಳು. ಎಲ್ಲವೂ ಅಂಚು ಸೀದವು, ಮೂಲೆ ಮುರಿದವು, ಗಿರಾಕಿಗೆ ಕೊಡಲು ಬಾರದವು.

"ನೀವೇ ಮೊದಲು, ತಕ್ಕಡಿಯಕ್ಕ," ಎಂದು ಕೈ ಚಾಚಿದ. ಪ್ರತಿ ಶನಿವಾರವೂ ಹೀಗೆಯೇ ಚಾಚುತ್ತಿದ್ದ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವನ ಹಾಗೆ.

ತಕ್ಕಡಿ ಏಪ್ರನ್ನಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಬೇಕರಿಯಲ್ಲಿ ಅವಳ ಕೆಲಸ ಹಿಟ್ಟು ಪಾಲು ಮಾಡುವುದು. ನಾದಿದ ಹಿಟ್ಟು ದಿಂಬಿನಷ್ಟು ದೊಡ್ಡದಾಗಿ ಮೇಜಿನ ಮೇಲೆ ಬಂದು ಬೀಳುತ್ತದೆ. ಅವಳು ಅದನ್ನು ಅರ್ಧ ಮಾಡುತ್ತಾಳೆ, ಅರ್ಧವನ್ನು ಮತ್ತೆ ಅರ್ಧ, ಅದನ್ನು ಮತ್ತೆ ಅರ್ಧ. ತೂಕದ ಯಂತ್ರವಿದೆ, ಆದರೆ ಅದರ ಮೇಲೆ ಯಜಮಾನರು ಪತ್ರಿಕೆ ಇಡುತ್ತಾರೆ. ಅವಳು ಮಾಡಿದ ಯಾವ ಎರಡು ತುಂಡು ತೂಗಿದರೂ ಮುಳ್ಳು ಅಲುಗದು ಎಂಬ ಮಾತಿನಿಂದಲೇ ಅವಳಿಗೆ ಆ ಹೆಸರು ಬಿತ್ತು. ನಿಜವಾದ ಹೆಸರು ಬೇಕರಿಯಲ್ಲಿ ಬಳಸದೆ ಬಳಸದೆ ತುಕ್ಕು ಹಿಡಿದಿತ್ತು.

ಆಟದ ನಿಯಮ ಸುಲಭ. ನಿನ್ನ ಸರದಿ ಬಂದಾಗ ಎರಡು ರಾಶಿಯಲ್ಲಿ ಒಂದನ್ನು ಪೂರ್ತಿ ನಿನ್ನ ಡಬ್ಬಿಗೆ ಹಾಕಿಕೋ. ಉಳಿದ ರಾಶಿಯನ್ನು ನಿನಗೆ ಬೇಕಾದ ಹಾಗೆ ಎರಡು ಪಾಲು ಮಾಡಿ ಎದುರಿನವನ ಮುಂದಿಡು. ಅವನೂ ಹಾಗೆಯೇ ಮಾಡುತ್ತಾನೆ. ಯಾರ ಸರದಿಯಲ್ಲಿ ಪಾಲು ಮಾಡಲು ಒಂದೇ ಒಂದು ಬಿಸ್ಕತ್ತು ಉಳಿಯುತ್ತದೋ ಅವರು ಸೋತರು. ಸೋತವರು ಭಾನುವಾರ ಕೆಲಸಕ್ಕೆ ಬರಬೇಕು. ಭಾನುವಾರ ಬೇಕರಿಯಲ್ಲಿ ಅರ್ಧ ಕೆಲಸ. ಹಿರಿಯರಲ್ಲಿ ಒಬ್ಬರಿದ್ದರೆ ಸಾಕು. "ಯಾರು ಅಂತ ನೀವಿಬ್ಬರೇ ತೀರ್ಮಾನ ಮಾಡ್ಕೊಳ್ಳಿ, ನನ್ನ ತನಕ ತರಬೇಡಿ," ಎಂದು ಯಜಮಾನರು ಕೈ ತೊಳೆದುಕೊಂಡಿದ್ದರು. ಈ ಆಟವನ್ನು ಎಲ್ಲಿಂದಲೋ ಕಲಿತು ತಂದವನು ಒಲೆಯಣ್ಣ.

ತಕ್ಕಡಿ ಒಂಬತ್ತನ್ನು ತೆಗೆದುಕೊಂಡಳು. ದೊಡ್ಡದನ್ನು ಬಿಡುವುದೇಕೆ? ಏಳನ್ನು ನಾಲ್ಕು, ಮೂರು ಮಾಡಿಟ್ಟಳು. ಒಲೆಯಣ್ಣ ಮೂರನ್ನು ತೆಗೆದುಕೊಂಡು, ನಾಲ್ಕನ್ನು ಮೂರು ಮತ್ತು ಒಂದು ಮಾಡಿದ. ನೋಡಿದರೆ ಕಣ್ಣಿಗೆ ಹಿಂಸೆ. ಇಷ್ಟು ವರ್ಷ ಬೇಕರಿಯಲ್ಲಿದ್ದೂ ನಾಲ್ಕನ್ನು ನೆಟ್ಟಗೆ ಎರಡು ಪಾಲು ಮಾಡಲು ಬಾರದವನು ಎಂದುಕೊಂಡಳು. ಅವಳು ಒಂದನ್ನು ತೆಗೆದುಕೊಂಡು ಮೂರನ್ನು ಎರಡು, ಒಂದು ಮಾಡಿದಳು. ಅವನು ಒಂದನ್ನು ಡಬ್ಬಿಗೆ ಹಾಕಿ, ಎರಡನ್ನು ಒಂದು, ಒಂದು ಮಾಡಿದ. ಈಗ ಅವಳ ಸರದಿ. ಒಂದನ್ನು ತೆಗೆದರೆ ಉಳಿದದ್ದು ಒಂಟಿ ಬಿಸ್ಕತ್ತು. ಅದನ್ನು ಪಾಲು ಮಾಡುವುದು ಹೇಗೆ?

"ಅಯ್ಯೋ, ಮತ್ತೆ ನೀವೇನಾ?" ಎಂದು ಒಲೆಯಣ್ಣ ಮರುಕಪಟ್ಟ. ಆ ಮರುಕವೇ ಅವಳಿಗೆ ಸೋಲಿಗಿಂತ ಹೆಚ್ಚು ಉರಿಯುತ್ತಿತ್ತು.

"ಅಕ್ಕನಿಗೆ ಡಬ್ಬಿ ತುಂಬ ಬಿಸ್ಕತ್ತು, ಅಣ್ಣನಿಗೆ ದಿನ ತುಂಬ ರಜೆ," ಎಂದಳು ಕೌಂಟರಿನವಳು, ಗಲ್ಲಾಪೆಟ್ಟಿಗೆಗೆ ಬೀಗ ಹಾಕುತ್ತ.

ರಜೆಯಲ್ಲಿ ಒಲೆಯಣ್ಣ ಕೆರೆಗೆ ಹೋಗಿ ಗಾಳ ಹಾಕಿ ಕೂರುತ್ತಿದ್ದ. ಅವನು ಮೀನು ತಂದದ್ದನ್ನು ಯಾರೂ ನೋಡಿರಲಿಲ್ಲ.

ತಕ್ಕಡಿಗೆ ಭಾನುವಾರ ಬೇಕಾಗಿದ್ದದ್ದು ಮಗಳಿಗಾಗಿ. ಆರನೇ ತರಗತಿಯ ಮಗಳು ಈಜುತ್ತಿದ್ದಳು, ಪಂದ್ಯಗಳೆಲ್ಲ ಭಾನುವಾರ ಬೆಳಿಗ್ಗೆ. ಮೊದಲ ಪಂದ್ಯಕ್ಕೆ ಮುಂಚೆ ಮಗಳು ವಾರವಿಡೀ "ಬರ್ತೀಯಾ ಅಮ್ಮ, ಬರ್ತೀಯಾ?" ಎಂದು ಬೆನ್ನು ಬಿದ್ದಿದ್ದಳು. ಎರಡನೆಯದಕ್ಕೆ ಒಂದೇ ಸಲ ಕೇಳಿದಳು. ಈಗ ಈ ವರ್ಷದ ಕೊನೆಯ ಪಂದ್ಯ, ನಾಳೆ ಕಳೆದು ಮುಂದಿನ ಭಾನುವಾರ. ಮಗಳು ಕೇಳಲೇ ಇಲ್ಲ. ಟವೆಲ್ ಒಣಹಾಕುತ್ತ, "ಅಜ್ಜಿ ಬರ್ತಾಳೆ ಬಿಡು," ಎಂದಳು ಅಷ್ಟೆ. ತಾಯಿ ಏನೂ ಕೇಳಿರಲಿಲ್ಲ, ಆದರೂ ಉತ್ತರ ಬಂತು.

ಸೋಮವಾರ ಅವಳು ಒಲೆಯಣ್ಣನನ್ನು ನೇರವಾಗಿಯೇ ಕೇಳಿದಳು. "ಒಂದು ಭಾನುವಾರ ಬಿಟ್ಟುಕೊಡು ಮಾರಾಯ. ಮಗಳ ಪಂದ್ಯ."

"ಆಟ ಅಂದಮೇಲೆ ಆಟ ಅಕ್ಕ. ಇವತ್ತು ನಿಮಗೆ ಮಗಳು, ನಾಳೆ ನನಗೆ ಮೊಣಕಾಲು. ಗೆದ್ದು ತಗೊಳ್ಳಿ, ನಾನೇನು ಬೇಡ ಅಂತೀನಾ?"

ಆ ಮಧ್ಯಾಹ್ನ ಅವಳು ಅಡುಗೆಮನೆಯ ಮೇಜಿನ ಮೇಲೆ ಕಡಲೆಬೀಜ ಸುರಿದು ಅತ್ತೆಯನ್ನು ಎದುರಿಗೆ ಕೂರಿಸಿಕೊಂಡಳು. ಅತ್ತೆಗೆ ಆಟದಲ್ಲಿ ಆಸಕ್ತಿಯಿರಲಿಲ್ಲ. ಸೊಸೆ ಸೋಲುವುದರಿಂದ ಮನೆಗೆ ಬಿಸ್ಕತ್ತು ಬರುತ್ತಿದೆ ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು. ಈ ವ್ಯವಸ್ಥೆ ಕೆಡಿಸುವುದೇಕೆಂದು ಅವರಿಗೆ ಅರ್ಥವಾಗಲಿಲ್ಲ.

"ಸುಮ್ಮನೆ ಆಡಿ ಅತ್ತೆ."

"ಆಡ್ತೀನಮ್ಮ. ಹಲ್ಲಿಲ್ಲದವಳಿಗೆ ಕಡಲೆ ಕೊಟ್ಟಿದೀಯ, ಆಡದೆ ಇನ್ನೇನು ಮಾಡ್ಲಿ?"

ಮೊದಲ ಆಟ ಅತ್ತೆ ಗೆದ್ದರು. ಎರಡನೆಯದನ್ನು ತಕ್ಕಡಿ ಗೆದ್ದಳು, ಹೇಗೆಂದು ತಿಳಿಯಲಿಲ್ಲ. ಆಮೇಲಿನದೆಲ್ಲ ಅತ್ತೆಯದೇ. ಸೊಸೆ ಪ್ರತಿ ಸಲವೂ ಹುಬ್ಬು ಗಂಟಿಕ್ಕಿ, ರಾಶಿಯನ್ನು ಬೆರಳಲ್ಲೇ ಅಳೆದು, ಸರಿಯಾಗಿ ಮಧ್ಯಕ್ಕೆ ಪಾಲು ಮಾಡುತ್ತಿದ್ದಳು. ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸುತ್ತ, ಕಿಟಕಿಯಾಚೆ ಪಕ್ಕದ ಮನೆಯವಳು ಯಾರ ಜೊತೆ ಮಾತಾಡುತ್ತಿದ್ದಾಳೆಂದು ನೋಡುತ್ತ, ರಾಶಿಯಿಂದ ಒಂದೇ ಒಂದು ಬೀಜ ಎತ್ತಿ ಪಕ್ಕಕ್ಕಿಡುತ್ತಿದ್ದರು.

"ಯಾಕೆ ಯಾವಾಗಲೂ ಒಂದೇ ಇಡ್ತೀರಿ?" ಎಂದು ರೇಗಿದಳು.

"ಎರಡು ಪಾಲು ಮಾಡು ಅಂದೆ, ಮಾಡಿದೆ. ಯಾರು ಕೂತು ಎಣಿಸ್ತಾರೆ?"

ತಕ್ಕಡಿಗೆ ಮೈಯೆಲ್ಲ ಉರಿಯಿತು. ಲೆಕ್ಕ ಹಾಕಿ ಆಡುವವಳು ಸೋಲುತ್ತಿದ್ದಾಳೆ, ಎಣಿಸಲು ಸೋಮಾರಿತನ ಪಡುವವರು ಗೆಲ್ಲುತ್ತಿದ್ದಾರೆ. ಮಂಗಳವಾರ ಹಿಟ್ಟು ಕತ್ತರಿಸುವಾಗಲೂ ಅದೇ ಯೋಚನೆ. ಬುಧವಾರ ಸಾರಿಗೆ ಉಪ್ಪು ಎರಡು ಸಲ ಬಿತ್ತು. "ಆ ಆಟ ನಿನ್ನ ತಲೆ ತಿಂತಿದೆ," ಎಂದರು ಅತ್ತೆ, ನೀರು ಬೆರೆಸುತ್ತ.

ಹೊಳೆದದ್ದು ಗುರುವಾರ, ಅದೂ ಆಟವನ್ನು ಕೊನೆಯಿಂದ ಹಿಂದಕ್ಕೆ ನೋಡುತ್ತ ಹೋದಾಗ. ಒಂದು-ಒಂದು ಎದುರಿಗೆ ಬಂದವರು ಸೋತರು. ಹಾಗಾದರೆ ಮೂರು-ಒಂದು ಬಂದವರು? ಮೂರನ್ನು ಎರಡು-ಒಂದು ಮಾಡಲೇಬೇಕು. ಎದುರಿನವನು ಎರಡನ್ನು ಒಡೆದು ಒಂದು-ಒಂದು ವಾಪಸ್ ಕೊಡುತ್ತಾನೆ. ಅವರೂ ಸೋತರು. ಮೂರು-ಮೂರು? ಸೋತರು. ಐದು-ಮೂರು? ಕಡಲೆಬೀಜ ಜರುಗಿಸಿ ಜರುಗಿಸಿ ನೋಡಿದಳು. ಸೋತರು. ಎರಡು ರಾಶಿಯೂ ಬೆಸವಾಗಿ ಬಂದರೆ, ಅಂದರೆ ಜೋಡಿ ಮಾಡಿದಾಗ ಎರಡರಲ್ಲೂ ಒಂದೊಂದು ಒಂಟಿ ಉಳಿದರೆ, ಆಡಬೇಕಾದವರ ಕತೆ ಮುಗಿಯಿತು. ಬೆಸವನ್ನು ಹೇಗೆ ಒಡೆದರೂ ಒಂದು ಪಾಲು ಜೋಡಿ ಸೇರುತ್ತದೆ, ಆ ಪಾಲು ಎದುರಿನವನಿಗೆ ಆಯುಧ. ಅವನು ಅದರಿಂದ ಒಂದನ್ನು ಎತ್ತಿ ಪಕ್ಕಕ್ಕಿಟ್ಟರೂ ಸಾಕು, ಮತ್ತೆ ಎರಡು ಬೆಸ. ಅತ್ತೆಯ ಸೋಮಾರಿತನ ಇದೇ.

ತನ್ನ ಕೈ ಮಾಡುತ್ತಿದ್ದದ್ದೇನೆಂದು ಈಗ ಅವಳಿಗೆ ಕಂಡಿತು. ಎಂಟು ಸಿಕ್ಕರೆ ನಾಲ್ಕು-ನಾಲ್ಕು. ನಾಲ್ಕು ಸಿಕ್ಕರೆ ಎರಡು-ಎರಡು. ಎದುರಿನವನ ಕೈಗೆ ಎರಡೆರಡು ಆಯುಧ. ಇಡೀ ಜೀವನ ಯಾವ ಕೆಲಸಕ್ಕೆ ಸಂಬಳ ಪಡೆದಿದ್ದಳೋ ಅದನ್ನೇ ಅವಳು ಇಲ್ಲಿಯೂ ಮಾಡುತ್ತಿದ್ದಳು.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಸರಿ, ಶನಿವಾರ ಗೆಲ್ಲುತ್ತೇನೆ ಎಂದುಕೊಂಡು, ಕಳೆದ ವಾರದ ಒಂಬತ್ತು ಮತ್ತು ಏಳನ್ನು ಮತ್ತೆ ಮೇಜಿನ ಮೇಲಿಟ್ಟಳು. ನೋಡಿದಳು. ಎರಡೂ ಬೆಸ. ಅದರ ಹಿಂದಿನ ವಾರ? ನೆನಪಿತ್ತು, ಏಳು ಮತ್ತು ಐದು. ಎರಡೂ ಬೆಸ. ರಾಶಿ ಇಡುವವನು ಒಲೆಯಣ್ಣ. "ನೀವೇ ಮೊದಲು" ಎನ್ನುವವನೂ ಒಲೆಯಣ್ಣ.

ಕಡಲೆಬೀಜವನ್ನೆಲ್ಲ ಅಂಗೈಯಿಂದ ಗುಡಿಸಿ ಡಬ್ಬಿಗೆ ಸುರಿದಳು. ಬೇಕೆಂದೇ ಸದ್ದು ಮಾಡಿದಳು.

"ಏನಾಯ್ತು? ತಿಳೀಲಿಲ್ವಾ?" ಎಂದರು ಅತ್ತೆ.

"ತಿಳೀತು. ಅದಕ್ಕೇ."

ತಿಳಿದೂ ಉಪಯೋಗವಿರಲಿಲ್ಲ. ಮೊದಲು ಆಡಿದವಳು ದೇವರೇ ಆದರೂ ಸೋಲಬೇಕು. ಇಷ್ಟು ದಿನ ದಡ್ಡತನದಿಂದ ಸೋತೆ ಎಂದುಕೊಂಡಿದ್ದಳು. ದಡ್ಡತನ ಹೋದಮೇಲೂ ಸೋಲೇ. ಮಗಳು ಈಜಿನ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, "ಅಮ್ಮ, ಯಾಕೆ ಡಬ್ಬಿ ಮೇಲೆ ಕೋಪ?" ಎಂದಳು. ತಕ್ಕಡಿ ಡಬ್ಬಿಯನ್ನು ಕಪಾಟಿಗೆ ತಳ್ಳಿದಳು. "ಹೋಗು, ತಡ ಆಗುತ್ತೆ," ಎಂದಳು.

ಶನಿವಾರ ಒಲೆಯಣ್ಣ ಟ್ರೇ ಬೋರಲು ಹಾಕಿದ. ಒಂಬತ್ತು ಮತ್ತು ಐದು. ಎರಡೂ ಬೆಸ ಎಂದು ಎಣಿಸುವ ಮುಂಚೆಯೇ ತಕ್ಕಡಿಗೆ ಗೊತ್ತಿತ್ತು.

"ನೀವೇ ಮೊದಲು, ಅಕ್ಕ."

"ಇವತ್ತು ನೀನೇ ಮೊದಲು."

"ಛೆ ಛೆ. ದೊಡ್ಡವರಿದ್ದಾಗ ನಾನು ಹೇಗೆ?"

"ನಿನಗಿಂತ ನಾನು ಎರಡು ತಿಂಗಳು ಚಿಕ್ಕವಳು. ಆಡು."

ಕೌಂಟರಿನವಳು ಬೀಗದ ಕೈ ಹಿಡಿದುಕೊಂಡೇ ಒಳಗೆ ಬಂದಳು. ಒಲೆಯಣ್ಣ ರಾಶಿಗಳನ್ನು ನೋಡಿದ, ತಕ್ಕಡಿಯನ್ನು ನೋಡಿದ. ಹಿಂದಿನ ಕಪಾಟಿಗೆ ಕೈ ಹಾಕಿ ಇನ್ನೊಂದು ಬಿಸ್ಕತ್ತು ತೆಗೆದ. "ಇದೊಂದು ಸೀದದ್ದು ಉಳಿದುಬಿಟ್ಟಿದೆ, ಇದನ್ನೂ ಸೇರಿಸೋಣ," ಎನ್ನುತ್ತ ಐದರ ರಾಶಿಯ ಕಡೆ ಕೈ ತಂದ. ತಕ್ಕಡಿ ಅವನ ಮಣಿಕಟ್ಟು ಹಿಡಿದಳು.

"ಇಟ್ಟದ್ದು ಇಟ್ಟಾಯ್ತು. ಅದನ್ನ ನೀನೇ ತಿನ್ನು."

"ಯಾಕಣ್ಣ ಬೆವರ್ತಿದೀರಿ?" ಎಂದಳು ಕೌಂಟರಿನವಳು.

"ಒಲೆ ಮುಂದೆ ನಿಂತವನು ಬೆವರದೆ ನಡುಗ್ತಾನಾ?" ಎಂದ. ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡ, ಅಗಿಯುತ್ತಲೇ ಯೋಚಿಸಿದ. ಐದನ್ನು ತೆಗೆದುಕೊಂಡ. ಒಂಬತ್ತನ್ನು ಎಂಟು ಮತ್ತು ಒಂದು ಮಾಡಿ ಅವಳ ಮುಂದೆ ತಳ್ಳಿದ. ಮುಖದಲ್ಲಿ ನೆಮ್ಮದಿ ಮರಳಿತು. ಎಂಟು ಕಂಡರೆ ತಕ್ಕಡಿ ಏನು ಮಾಡುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು.

ಅವಳು ಒಂದನ್ನು ಡಬ್ಬಿಗೆ ಹಾಕಿದಳು. ಅವಳ ಕೈ ಎಂಟರ ಮೇಲೆ ಬಂತು, ತನ್ನಷ್ಟಕ್ಕೆ ತಾನೇ ಅಡ್ಡ ತಿರುಗಿತು, ಹಿಟ್ಟು ಕತ್ತರಿಸುವ ತಗಡಿನಂತೆ ನೇರ ಮಧ್ಯಕ್ಕೆ ಇಳಿಯಿತು. ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಇನ್ನು ಸರಿಸುವುದಷ್ಟೇ ಬಾಕಿ.

"ಮಾಡಿ ಅಕ್ಕ," ಎಂದ ಒಲೆಯಣ್ಣ, ಮೃದುವಾಗಿ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಹಾಗೆ ಮಾಡುವುದು ಕಷ್ಟವಾಯಿತು, ಓಡುವ ಬಸ್ಸಿನಿಂದ ಇಳಿದ ಹಾಗೆ. ಎರಡು ಬೆರಳಲ್ಲಿ ಒಂದೇ ಒಂದು ಬಿಸ್ಕತ್ತು ಎತ್ತಿ ಪಕ್ಕಕ್ಕಿಟ್ಟಳು. ಏಳು ಮತ್ತು ಒಂದು. ನೋಡಿದರೆ ಅವಳಿಗೇ ಕಣ್ಣಿಗೆ ಹಿಂಸೆ.

ಒಲೆಯಣ್ಣ ಏಳನ್ನೂ ಬೆರಳಿಟ್ಟು ಎರಡೆರಡು ಸಲ ಎಣಿಸಿದ. ಕೊನೆಗೆ ಒಂದನ್ನು ತೆಗೆದು ಏಳನ್ನು ನಾಲ್ಕು, ಮೂರು ಮಾಡಿದ. ಅವಳು ಮೂರನ್ನು ತೆಗೆದು ನಾಲ್ಕರಿಂದ ಒಂದನ್ನು ಪಕ್ಕಕ್ಕಿಟ್ಟಳು. ಅವನು ಒಂದನ್ನು ತೆಗೆದು ಮೂರನ್ನು ಎರಡು, ಒಂದು ಮಾಡಿದ. ಅವಳು ಒಂದನ್ನು ತೆಗೆದು ಎರಡನ್ನು ಒಡೆದಳು. ಒಂದು, ಒಂದು. ಒಲೆಯಣ್ಣ ಒಂದನ್ನು ಎತ್ತಿಕೊಂಡ. ಇನ್ನೊಂದು ಟ್ರೇ ಮೇಲೆ ಒಂಟಿಯಾಗಿ ಕೂತಿತ್ತು.

"ಯಾರು ಹೇಳಿಕೊಟ್ಟರು?"

"ನಮ್ಮತ್ತೆ."

"ಅವರಿಗೆ ಲೆಕ್ಕ ಬರುತ್ತಾ?"

"ಇಲ್ಲ. ಅವರಿಗೆ ಎಣಿಸೋಕೆ ಬೇಜಾರು." ಅವಳು ಡಬ್ಬಿಯ ಮುಚ್ಚಳ ಒತ್ತಿದಳು. "ನಿನಗೆ ಎಷ್ಟು ದಿನದಿಂದ ಗೊತ್ತು?"

ಒಲೆಯಣ್ಣ ಟ್ರೇ ಎತ್ತಿ ಗೋಡೆಗೊರಗಿಸಿದ. "ಆಟ ತಂದವನು ನಾನಲ್ವಾ ಅಕ್ಕ," ಎಂದ. ಅವಳು ಡಬ್ಬಿಯನ್ನು ಚೀಲಕ್ಕೆ ತುರುಕಿದಳು. ಇಷ್ಟು ಭಾನುವಾರಗಳನ್ನು ಯಾರ ಡಬ್ಬಿಯಿಂದ ವಾಪಸ್ ತೆಗೆಯುವುದು?

ಮರುದಿನ ಅವಳು ಈಜುಕೊಳದ ಸಿಮೆಂಟ್ ಮೆಟ್ಟಿಲ ಮೇಲೆ ಅತ್ತೆಯ ಪಕ್ಕ ಕೂತಳು. ಎಲ್ಲ ಹುಡುಗಿಯರಿಗೂ ಒಂದೇ ಬಣ್ಣದ ಟೋಪಿ, ಒಂದೇ ಬಗೆಯ ಕನ್ನಡಕ. ಸೀಟಿ ಕೂಗಿತು, ನೀರು ಚಿಮ್ಮಿತು, ತನ್ನ ಮಗಳು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ.

"ಅತ್ತೆ, ಯಾವಳು? ಯಾವ ಸಾಲು?"

"ಗೋಡೆ ಪಕ್ಕದ್ದು. ಉಸಿರು ತಗೊಳ್ಳುವಾಗ ತಲೆ ಸೊಟ್ಟ ಮಾಡ್ತಾಳೆ ನೋಡು. ಯಾವಾಗಲೂ ಹಾಗೇ." ಅತ್ತೆ ಬಿಸ್ಕತ್ತನ್ನು ಫ್ಲಾಸ್ಕಿನ ಚಹಾದಲ್ಲಿ ಅದ್ದಿದರು. ಯಾವಾಗಲೂ ಎಂಬ ಮಾತು ತಕ್ಕಡಿಗೆ ಚುಚ್ಚಿತು. ಅವಳಿಗೆ ಇದು ಮೊದಲ ಸಲ.

ಮಗಳು ನಾಲ್ಕನೆಯವಳಾಗಿ ಗೋಡೆ ಮುಟ್ಟಿದಳು. ಕನ್ನಡಕ ಹಣೆಗೇರಿಸಿ ಅಜ್ಜಿ ಕೂರುವ ಜಾಗದತ್ತ ನೋಡಿ, ಪಕ್ಕದಲ್ಲಿದ್ದವಳನ್ನು ಕಂಡು ನೀರಲ್ಲೇ ನಿಂತಳು. ಮೆಟ್ಟಿಲೇರಿ ಬಂದು ಕೇಳಿದ ಮೊದಲ ಮಾತು, "ಯಾಕಮ್ಮ, ಹುಷಾರಿಲ್ವಾ?"

"ಹುಷಾರಾಗಿದೀನಿ."

"ಮತ್ತೆ ಕೆಲಸ?"

"ಗೆದ್ದೆ," ಎಂದಳು ತಕ್ಕಡಿ. ಮಗಳಿಗೆ ಅರ್ಥವಾಗಲಿಲ್ಲ. ಆದರೂ ಒದ್ದೆ ತಲೆಯನ್ನು ತಾಯಿಯ ತೋಳಿಗೆ ಒರಗಿಸಿ, ಡಬ್ಬಿಯೊಳಗೆ ಕೈ ಹಾಕಿದಳು.

ಆ ದಿನ ಬೇಕರಿಯಲ್ಲಿ ಒಲೆಯಣ್ಣನೇ ಹಿಟ್ಟು ಪಾಲು ಮಾಡಿದ. ಒಂದು ಬ್ರೆಡ್ಡು ಉಬ್ಬಿ ಅಚ್ಚಿನಿಂದ ಹೊರಗೆ ಬಂತು, ಇನ್ನೊಂದು ತಳದಲ್ಲೇ ಉಳಿಯಿತು. ಗಿರಾಕಿಗಳು ದೊಡ್ಡದನ್ನೇ ಆರಿಸಿಕೊಂಡು ಹೋದರೆಂದು ಯಜಮಾನರು ಸೋಮವಾರವಿಡೀ ಗೊಣಗಿದರು.

ಮುಂದಿನ ಶನಿವಾರ ಟ್ರೇ ಬೋರಲು ಬೀಳಲಿಲ್ಲ. ಇಬ್ಬರಿಗೂ ಗುಟ್ಟು ಗೊತ್ತಿರುವ ಆಟ ಆಡಿ ಏನು ಸುಖ ಎಂದು ಒಲೆಯಣ್ಣ ಜೇಬಿನಿಂದ ನಾಣ್ಯ ತೆಗೆದ. ತಕ್ಕಡಿ ಅದನ್ನು ಅವನ ಕೈಯಿಂದ ತೆಗೆದು, ಎರಡೂ ಮುಖ ತಿರುಗಿಸಿ ನೋಡಿ, ಕೌಂಟರಿನವಳ ಕೈಗೆ ಕೊಟ್ಟಳು. ಅಂದಿನಿಂದ ನಾಣ್ಯ ಚಿಮ್ಮುವುದು ಕೌಂಟರಿನವಳ ಕೆಲಸ. ಮೊದಲ ವಾರ ತಕ್ಕಡಿ ಸೋತಳು, ಭಾನುವಾರ ಕೆಲಸಕ್ಕೆ ಹೋದಳು.